ಪದ ಪರಿಚಯ: ಫ್ಲೈ-ಇನ್

ಏರ್ ಶೋಗೆ ಜನ ಬರುವುದು ನೋಡಲಿಕ್ಕೆ. ಫ್ಲೈ-ಇನ್‌ಗೆ ಬರುವುದು ಸೇರಲಿಕ್ಕೆ, ಅದೂ ತಾವೇ ವಿಮಾನ ಹಾರಿಸಿಕೊಂಡು. ಗೊತ್ತಾದ ದಿನ ಒಂದು ನಿಲ್ದಾಣಕ್ಕೆ ಪೈಲಟ್‌ಗಳು ಸಣ್ಣ ವಿಮಾನಗಳಲ್ಲಿ ಬಂದಿಳಿದು, ಹುಲ್ಲಿನ ಮೇಲೆ ಸಾಲಾಗಿ ನಿಲ್ಲಿಸಿ, ಒಬ್ಬರ ವಿಮಾನ ಒಬ್ಬರು ನೋಡಿ, ಮಾತಾಡಿಕೊಂಡು ಹೋಗುವ ಕೂಟವೇ ಫ್ಲೈ-ಇನ್. ಹತ್ತು ವಿಮಾನ ಸೇರಿದರೂ ಅದೇ ಹೆಸರು, ಹತ್ತು ಸಾವಿರ ಸೇರಿದರೂ ಅದೇ. ವೇಳಾಪಟ್ಟಿಯಂತೆ ಓಡುವ ಪ್ರಯಾಣಿಕ ವಿಮಾನ ಮತ್ತು ಸೇನಾ ವಿಮಾನಗಳನ್ನು ಬಿಟ್ಟು ಉಳಿದ ಹಾರಾಟಕ್ಕೆಲ್ಲ ಜನರಲ್ ಏವಿಯೇಷನ್ ಎನ್ನುತ್ತಾರೆ. ಫ್ಲೈ-ಇನ್ ಆ ಲೋಕದ ಜಾತ್ರೆ.

ಈ ಜಾತ್ರೆಗಳಲ್ಲಿ ದೊಡ್ಡದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಆಶ್‌ಕಾಶ್ ಊರಿನದು. 1953ರಲ್ಲಿ ಪಾಲ್ ಪೊಬೆರೆಜ್ನಿ ಮತ್ತು ಗೆಳೆಯರು ಮಿಲ್ವಾಕಿಯಲ್ಲಿ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಎಂಬ, ತಾವೇ ವಿಮಾನ ಕಟ್ಟುವ ಹವ್ಯಾಸಿಗಳ ಸಂಘ ಕಟ್ಟಿದರು. ಅದೇ ವರ್ಷ ನಡೆದ ಮೊದಲ ಕೂಟ ತೀರಾ ಚಿಕ್ಕದು. 1959ರಲ್ಲಿ ಇಲಿನಾಯ್‌ನ ರಾಕ್‌ಫರ್ಡ್‌ಗೆ, 1970ರಲ್ಲಿ ಆಶ್‌ಕಾಶ್‌ಗೆ ಬಂದ ಕೂಟ ಅಲ್ಲೇ ನೆಲೆ ನಿಂತಿತು. ಈಗ ಏರ್‌ವೆಂಚರ್ ಎಂಬುದು ಅಧಿಕೃತ ಹೆಸರು. ಪೈಲಟ್‌ಗಳ ಬಾಯಲ್ಲಿ ಮಾತ್ರ ಅದು ಇಂದಿಗೂ ಬರೀ ‘ಆಶ್‌ಕಾಶ್’. ಜುಲೈ ಕೊನೆಯ ಆ ಒಂದು ವಾರ ಅಲ್ಲಿನ ವಿಟ್‌ಮನ್ ನಿಲ್ದಾಣದ ಕಂಟ್ರೋಲ್ ಟವರ್‌ನಷ್ಟು ಬಿಡುವಿಲ್ಲದ ಟವರ್ ಜಗತ್ತಿನಲ್ಲೇ ಇನ್ನೊಂದಿರುವುದಿಲ್ಲ.

ಇಷ್ಟು ವಿಮಾನಗಳು ಒಂದೇ ಕಡೆ ಬಂದಿಳಿಯುವುದು ಹೇಗೆ? ಫ್ಲೈ-ಇನ್ ಪದದ ತಿರುಳು ಇರುವುದೇ ಇಲ್ಲಿ. ಹೆಚ್ಚಿನ ಸಣ್ಣ ವಿಮಾನಗಳು ನೈರುತ್ಯ ದಿಕ್ಕಿನ ರಿಪನ್ ಊರಿನಿಂದ ರೈಲು ಹಳಿ ಹಿಡಿದು ಫಿಸ್ಕ್ ಎಂಬ ಹಳ್ಳಿಯತ್ತ ಬರುತ್ತವೆ. ಸಮುದ್ರಮಟ್ಟದಿಂದ 1,800 ಅಡಿ ಎತ್ತರ (ನೆಲದಿಂದ ಹೆಚ್ಚುಕಡಿಮೆ 1,000 ಅಡಿ), 90 ನಾಟ್ ವೇಗ (ಗಂಟೆಗೆ ಸುಮಾರು 167 ಕಿ.ಮೀ.), ಮುಂದಿನ ವಿಮಾನಕ್ಕೂ ತಮಗೂ ಅರ್ಧ ಮೈಲಿ ಅಂತರ, ಒಂದರ ಹಿಂದೆ ಒಂದು. 90 ನಾಟ್‌ಗೆ ಇಳಿಯಲಾಗದ ವೇಗದ ವಿಮಾನಗಳಿಗೆ ಮೇಲೆ 2,300 ಅಡಿಯಲ್ಲಿ 135 ನಾಟ್‌ನ ಇನ್ನೊಂದು ಸಾಲು. ಫಿಸ್ಕ್‌ನಲ್ಲಿ ನಿಯಂತ್ರಕರು ನೆಲದ ಮೇಲೆ ದುರ್ಬೀನು ಹಿಡಿದು ಕೂತಿರುತ್ತಾರೆ. “ಮೇಲ್‌ರೆಕ್ಕೆಯ ನೀಲಿ ವಿಮಾನ, ರೆಕ್ಕೆ ಅಲುಗಿಸಿ” ಎಂದು ರೇಡಿಯೊದಲ್ಲಿ ಹೇಳುತ್ತಾರೆ. ಪೈಲಟ್ ಬಾಯಿ ತೆರೆಯುವ ಹಾಗಿಲ್ಲ, ರೆಕ್ಕೆ ಅಲುಗಿಸುವುದೇ ಉತ್ತರ. ಒಂದೇ ತರಂಗಾಂತರದಲ್ಲಿ ಎಲ್ಲರೂ ಮಾತಾಡತೊಡಗಿದರೆ ಯಾರ ಮಾತೂ ಯಾರಿಗೂ ಕೇಳಿಸದು, ಅದಕ್ಕೇ ಈ ಮೌನ.

ರನ್‌ವೇ ಮೇಲೆ ದೊಡ್ಡ ಬಣ್ಣದ ಚುಕ್ಕೆಗಳಿವೆ. “ಹಸಿರು ಚುಕ್ಕೆ ಮೇಲೆ ಇಳಿಯಿರಿ” ಎಂದರೆ ಅಲ್ಲೇ ಇಳಿಯಬೇಕು. ಒಂದೇ ರನ್‌ವೇ ಮೇಲೆ ಅದೇ ಹೊತ್ತಿಗೆ ಇನ್ನೊಂದು ವಿಮಾನ ಬೇರೆ ಚುಕ್ಕೆಗೆ ಇಳಿಯುತ್ತಿರುತ್ತದೆ. ಇಳಿದ ಕೂಡಲೇ ರನ್‌ವೇ ಬಿಟ್ಟು ಹುಲ್ಲಿಗೆ ಸರಿಯಬೇಕು.

ಎಡವಟ್ಟಾಗುವುದು ಎಲ್ಲಿ ಎಂದರೆ, ಮೊದಲಿಗೆ ಸಾಲಿನಲ್ಲಿ. ಮುಂದಿನವ 80 ನಾಟ್‌ಗೆ ಇಳಿದರೆ ಹಿಂದಿನವರೆಲ್ಲ ಒತ್ತೊತ್ತಾಗುತ್ತಾರೆ. ಯಾರೋ ಅಂಕುಡೊಂಕಾಗಿ ಹಾರಿ ಅಂತರ ಹೆಚ್ಚಿಸಿಕೊಳ್ಳಲು ಹೋಗಿ ಪಕ್ಕದವರ ದಾರಿಗೆ ಬರುತ್ತಾರೆ. ಅಂತರ ಕೆಟ್ಟಾಗ ಸಾಲು ಬಿಟ್ಟು ಹೊರಬಂದು, ಮತ್ತೆ ಮೊದಲಿನಿಂದ ಸೇರಿಕೊಳ್ಳುವುದೇ ಸರಿಯಾದ ದಾರಿ. ಎರಡನೆಯದು ಇನ್ನೂ ಘೋರ. ಕೊನೆಯ ತಿರುವಿನಲ್ಲಿ ರನ್‌ವೇ ನೇರ ತಪ್ಪಿತೆಂದು ಮೂಗು ಎತ್ತಿ ತಿರುವನ್ನು ಬಿಗಿ ಮಾಡಿದರೆ, ವೇಗ ಸತ್ತ ವಿಮಾನದ ಒಳಬದಿಯ ರೆಕ್ಕೆ ಎತ್ತುವ ಬಲ ಕಳೆದುಕೊಂಡು ಮಗುಚುತ್ತದೆ. ಕೆಲವೇ ನೂರು ಅಡಿ ಎತ್ತರದಲ್ಲಿ ಅದನ್ನು ಸರಿಪಡಿಸಿಕೊಳ್ಳಲು ಜಾಗವೇ ಇರುವುದಿಲ್ಲ. ಚುಕ್ಕೆ ತಪ್ಪಿದರೆ ತಪ್ಪಲಿ, ಪವರ್ ಕೊಟ್ಟು ಮೇಲೇರಿ ಇನ್ನೊಂದು ಸುತ್ತು ಬರಬೇಕು. ಮೂರನೆಯದು ಇಂಧನ. ಸಾಲು ತುಂಬಿದಾಗ ಕೆರೆಗಳ ಮೇಲೆ ಸುತ್ತು ಹಾಕಿಸುತ್ತಾರೆ. ಮಧ್ಯಾಹ್ನದ ಏರ್ ಶೋ ಹೊತ್ತಿಗೆ ಬರುವವರಿಗೆ ನಿಲ್ದಾಣವೇ ಮುಚ್ಚಿರುತ್ತದೆ. ಇದನ್ನು ಲೆಕ್ಕ ಹಾಕದೆ ಹೊರಟವರು ಬೇರೆ ಊರಿನಲ್ಲಿ ಇಳಿದು ಕಾಯಬೇಕಾಗುತ್ತದೆ.

ಇಳಿದ ಮೇಲೆ ಗಾಜಿಗೆ ಅಂಟಿಸಿದ ಕಾಗದ ಮಾತಾಡುತ್ತದೆ. ‘ಎಚ್‌ಬಿಸಿ’ ಎಂದು ದಪ್ಪ ಅಕ್ಷರದಲ್ಲಿದ್ದರೆ, ಇದು ಮನೆಯಲ್ಲೇ ಕಟ್ಟಿದ ವಿಮಾನ, ಇಲ್ಲೇ ತಂಗುತ್ತದೆ ಎಂದರ್ಥ. ಬಾವುಟ ಹಿಡಿದ ಸ್ವಯಂಸೇವಕರು ಅದನ್ನು ದೂರದಿಂದಲೇ ಓದಿ ದಾರಿ ತೋರಿಸುತ್ತಾರೆ. ಆಮೇಲಿನ ಮೊದಲ ಕೆಲಸ ಡೇರೆ ಹಾಕುವುದಲ್ಲ, ವಿಮಾನವನ್ನು ಹಗ್ಗದಿಂದ ನೆಲಕ್ಕೆ ಕಟ್ಟುವುದು. ಎರಡು ರೆಕ್ಕೆ, ಒಂದು ಬಾಲ, ಹೀಗೆ ಮೂರು ಕಡೆ. ಗೂಟ, ಹಗ್ಗ, ಸುತ್ತಿಗೆ ತಾವೇ ತಂದಿರಬೇಕು. ಸೆಣಬಿನಂಥ ನಾರಿನ ಹಗ್ಗ ನೆನೆದರೆ ಕುಗ್ಗಿ ರೆಕ್ಕೆ ಜಗ್ಗುತ್ತದೆ, ಹಾಗಾಗಿ ನೈಲಾನ್ ವಾಸಿ. ಅದನ್ನೂ ಒಂದಿಂಚಿನಷ್ಟು ಸಡಿಲ ಬಿಟ್ಟೇ ಕಟ್ಟಬೇಕು. ಅದಕ್ಕಿಂತ ಹೆಚ್ಚು ಸಡಿಲ ಬಿಟ್ಟರೆ ಗಾಳಿಗೆ ವಿಮಾನ ಎಗರಿ ಎಗರಿ ಗೂಟವನ್ನೇ ಕೀಳುತ್ತದೆ. ಫ್ಲಾರಿಡಾದ ಲೇಕ್‌ಲ್ಯಾಂಡ್‌ನಲ್ಲಿ ನಡೆಯುವ ಇನ್ನೊಂದು ದೊಡ್ಡ ಫ್ಲೈ-ಇನ್‌ಗೆ 2011ರ ಮಾರ್ಚ್ 31ರಂದು ಸುಂಟರಗಾಳಿ ಬಡಿದು ಸಾಲುಸಾಲು ವಿಮಾನಗಳು ಮಗುಚಿಬಿದ್ದವು. ಹಗ್ಗದ ವಿಷಯದಲ್ಲಿ ಅಸಡ್ಡೆ ಸಲ್ಲ.

ಆಶ್‌ಕಾಶ್‌ನಲ್ಲಿ ಏರ್ ಶೋ ದಿನವೂ ಇದೆ, ರಾತ್ರಿ ಪ್ರದರ್ಶನವೂ ಉಂಟು. 1985ರಲ್ಲಿ ಶಬ್ದಕ್ಕಿಂತ ವೇಗವಾಗಿ ಹಾರುವ ಪ್ರಯಾಣಿಕ ವಿಮಾನ ಕಾಂಕಾರ್ಡ್ ಕೂಡ ಬಂದಿತ್ತು. ಆದರೂ ಬಲ್ಲವರು ವರ್ಷ ವರ್ಷ ಬರುವುದು ಸಾಲುಗಳಲ್ಲಿ ನಡೆದಾಡಲು. ಹವ್ಯಾಸಿ ಕಟ್ಟಿದ ವಿಮಾನವೆಂದು ಅಮೆರಿಕದಲ್ಲಿ ನೋಂದಾಯಿಸಬೇಕಾದರೆ ಕೆಲಸದ ಅರ್ಧಕ್ಕಿಂತ ಹೆಚ್ಚು ಭಾಗ ಹವ್ಯಾಸಿಗಳೇ ಮಾಡಿರಬೇಕು. 51 ಶೇಕಡಾ ನಿಯಮ ಎನ್ನುವುದು ಇದನ್ನೇ. ಹಾಗಾಗಿ ಪ್ರೊಪೆಲ್ಲರ್‌ಗೆ ತೂಗುಹಾಕಿದ ಚೀಟಿಯಲ್ಲಿ ಕಟ್ಟಿದವರ ಹೆಸರು, ಊರು, ಎಂಜಿನ್ ವಿವರ ಎಲ್ಲ ಇರುತ್ತದೆ. ಅವರೂ ಸಾಮಾನ್ಯವಾಗಿ ರೆಕ್ಕೆ ನೆರಳಲ್ಲೇ ಕುರ್ಚಿ ಹಾಕಿಕೊಂಡಿರುತ್ತಾರೆ. ಅಲ್ಯೂಮಿನಿಯಂ ರೆಕ್ಕೆಯ ಮುಂದಿನ ಅಂಚಿಗೆ ಕಣ್ಣು ಸಮಕ್ಕೆ ಬಗ್ಗಿ ಓರೆಯಾಗಿ ನೋಡಿ. ತಗಡು ಜೋಡಿಸುವ ಲೋಹದ ಮೊಳೆಗಳಾದ ರಿವೆಟ್‌ಗಳ ತಲೆಗಳು ತಗಡಿನೊಂದಿಗೆ ಒಂದೇ ಮಟ್ಟಕ್ಕೆ ಕೂತಿದ್ದರೆ ಬೆಳಕು ಅಡೆತಡೆಯಿಲ್ಲದೆ ಹರಿಯುತ್ತದೆ. ಒಂದು ರಿವೆಟ್ ಹೆಚ್ಚು ಪೆಟ್ಟು ತಿಂದಿದ್ದರೂ ಅದರ ಸುತ್ತ ತಗಡು ತಗ್ಗಾಗಿ ಸಣ್ಣ ನೆರಳು ಕಾಣುತ್ತದೆ. ಮುಟ್ಟಬೇಡಿ, ಕೇಳಿ. ಆ ರಿವೆಟ್ ಬಡಿದ ದಿನ ಏನಾಯಿತೆಂದು ಅವರಿಗೆ ನೆನಪಿರುತ್ತದೆ, ಅರ್ಧ ಗಂಟೆ ಹೇಳುತ್ತಾರೆ.