ಕಣ್ಣಿಗೆ ಬಿಟ್ಟ ಡ್ರಾಪ್ಸ್ ಗಂಟಲಲ್ಲಿ ಕಹಿಯಾಗುವುದು ಯಾಕೆ?

ಪ್ರಶ್ನೆ: ನಮ್ಮ ತಂದೆಗೆ 68 ವರ್ಷ. ಗ್ಲಾಕೋಮಾ ಅಂತ ಡಾಕ್ಟರು ಎರಡು ಬಗೆಯ ಡ್ರಾಪ್ಸ್ ಬರೆದುಕೊಟ್ಟಿದ್ದಾರೆ. ಹಾಕಿದ ಸ್ವಲ್ಪ ಹೊತ್ತಿಗೆ ಗಂಟಲೆಲ್ಲ ಕಹಿ ಅನ್ನುತ್ತಾರೆ. ಈಚೆಗೆ ಸುಸ್ತು ಅಂತಲೂ ಹೇಳುತ್ತಿದ್ದಾರೆ. ಕಣ್ಣಿಗೆ ಹಾಕುವ ಔಷಧಿಗೂ ಸೈಡ್ ಎಫೆಕ್ಟ್ ಇರುತ್ತದಾ? ನಿಲ್ಲಿಸಿಬಿಡಬಹುದಾ?

ಉತ್ತರ: ಇರುತ್ತದೆ. ಆದರೆ ನಿಲ್ಲಿಸಬೇಡಿ. ಕಹಿಗೆ ಹೆದರಬೇಕಿಲ್ಲ. ಸುಸ್ತಿನ ವಿಷಯವನ್ನು ಮಾತ್ರ ತಡಮಾಡದೆ ಡಾಕ್ಟರಿಗೆ ತಿಳಿಸಿ.

ಯಾಕೆ ನಿಲ್ಲಿಸಬಾರದು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಗ್ಲಾಕೋಮಾದಲ್ಲಿ ಕಣ್ಣಿನ ನರ ಸ್ವಲ್ಪ ಸ್ವಲ್ಪವೇ ಹಾಳಾಗುತ್ತದೆ. ಹೆಚ್ಚಿನವರಿಗೆ ನೋವಿಲ್ಲ, ಕೆಂಪಿಲ್ಲ, ಸುಳಿವೇ ಇಲ್ಲ. ಹೋದ ದೃಷ್ಟಿ ಯಾವ ಆಪರೇಷನ್ ಮಾಡಿದರೂ ವಾಪಸ್ ಬರುವುದಿಲ್ಲ. ಡ್ರಾಪ್ಸ್ ಕಣ್ಣಿನೊಳಗಿನ ಒತ್ತಡ ಇಳಿಸಿ, ಉಳಿದಿರುವ ದೃಷ್ಟಿಯನ್ನು ಕಾಪಾಡುತ್ತದೆ. "ಹಾಕಿದರೂ ಏನೂ ಚೆನ್ನಾಗಿ ಕಾಣಿಸ್ತಿಲ್ಲ" ಎಂದು ಬಿಟ್ಟುಬಿಡುವವರು ಇದನ್ನು ದಯವಿಟ್ಟು ಇನ್ನೊಮ್ಮೆ ಓದಿ. ಒಂದು ಔಷಧಿ ಒಗ್ಗದಿದ್ದರೆ ಬೇರೆ ಔಷಧಿ ಇದೆ. ಅದನ್ನು ಡಾಕ್ಟರು ಬದಲಾಯಿಸಲಿ.

ಈಗ ನಾನು ಕೇಳಿ ಕೇಳಿ ಬೇಸತ್ತಿರುವ ಆ ಮಾತಿಗೆ ಬರೋಣ. "ಅಯ್ಯೋ, ಕಣ್ಣಿಗೆ ತಾನೆ ಬಿಡೋದು, ಮಾತ್ರೆ ನುಂಗಿದ ಹಾಗಲ್ವಲ್ಲ!" ಚೆನ್ನಾಗಿ ಓದಿಕೊಂಡವರೂ ಇದನ್ನೇ ಹೇಳುತ್ತಾರೆ. ಬೇರೆ ಯಾವುದೋ ತೊಂದರೆಗೆ ಆಸ್ಪತ್ರೆಗೆ ಹೋದಾಗ ಏನೇನು ಔಷಧಿ ತಗೊಳ್ತಿದ್ದೀರಿ ಅಂತ ಕೇಳಿದರೆ ಬಿಪಿ ಮಾತ್ರೆ, ಶುಗರ್ ಮಾತ್ರೆ, ಗ್ಯಾಸ್ ಮಾತ್ರೆ ಎಲ್ಲ ಹೇಳುತ್ತಾರೆ. ವರ್ಷಗಟ್ಟಲೆಯಿಂದ ದಿನಾ ಹಾಕಿಕೊಳ್ಳುತ್ತಿರುವ ಡ್ರಾಪ್ಸ್ ಹೆಸರು ಮಾತ್ರ ಬಾಯಿಗೆ ಬರುವುದಿಲ್ಲ.

ಈ ನಂಬಿಕೆ ತಪ್ಪು ಅನ್ನುವುದಕ್ಕೆ ನಿಮ್ಮ ತಂದೆಯ ಗಂಟಲಿನ ಕಹಿಯೇ ಸಾಕ್ಷಿ. ಕನ್ನಡಿ ಮುಂದೆ ನಿಂತು, ಮೂಗಿನ ಪಕ್ಕದಲ್ಲಿ ಕೆಳರೆಪ್ಪೆಯನ್ನು ಮೆಲ್ಲಗೆ ಕೆಳಗೆ ಎಳೆದು ನೋಡಿ. ರೆಪ್ಪೆಯ ಅಂಚಿನಲ್ಲಿ ಸೂಜಿಮೊನೆಯಷ್ಟು ಸಣ್ಣ ತೂತು ಕಾಣುತ್ತದೆ. ಮೇಲಿನ ರೆಪ್ಪೆಯಲ್ಲೂ ಅಂಥದ್ದೊಂದಿದೆ. ಕಣ್ಣೀರು ಈ ತೂತುಗಳಿಂದ ಒಂದು ಸಣ್ಣ ನಾಳಕ್ಕೆ ಸೇರಿ ಮೂಗಿಗೆ ಇಳಿಯುತ್ತದೆ. ಅತ್ತಾಗ ಮೂಗು ಸೋರುವುದು ಇದಕ್ಕೇ. ಡ್ರಾಪ್ಸ್ ಹಿಡಿಯುವುದೂ ಇದೇ ದಾರಿ. ಮೂಗಿನ ಹಿಂಭಾಗದಿಂದ ಗಂಟಲಿಗೆ ಇಳಿದಾಗ ಕಹಿ ಗೊತ್ತಾಗುತ್ತದೆ. ಡಾರ್ಜೊಲಮೈಡ್ ಇರುವ ಡ್ರಾಪ್ಸ್‌ನಲ್ಲಿ ಈ ಕಹಿ ಜಾಸ್ತಿ.

ಎಷ್ಟು ಇಳಿಯುತ್ತದೆ ಗೊತ್ತಾ? ಬಾಟಲಿಯ ಒಂದು ಹನಿ ಸುಮಾರು 30ರಿಂದ 50 ಮೈಕ್ರೋಲೀಟರ್ ಇರುತ್ತದೆ. ರೆಪ್ಪೆಯ ಒಳಗಿನ ಜಾಗದಲ್ಲಿ ಹೆಚ್ಚೆಂದರೆ 30 ಮೈಕ್ರೋಲೀಟರ್ ನಿಲ್ಲಬಹುದು. ಒಂದು ಸಲ ರೆಪ್ಪೆ ಬಡಿದರೆ ಅದೂ ನಿಲ್ಲುವುದಿಲ್ಲ. ಕಣ್ಣಿನ ಒಳಕ್ಕೆ ನಿಜವಾಗಿ ಹೋಗುವ ಔಷಧಿ ಸಾಮಾನ್ಯವಾಗಿ 100ರಲ್ಲಿ 5 ಭಾಗಕ್ಕಿಂತ ಕಡಿಮೆ. ಉಳಿದದ್ದು ಒಂದಷ್ಟು ಕೆನ್ನೆಗೆ ಹರಿಯುತ್ತದೆ, ಬಹುಪಾಲು ಮೂಗಿಗೆ. ಅಲ್ಲಿನ ಒಳಪದರದ ತುಂಬ ಸಣ್ಣ ಸಣ್ಣ ರಕ್ತನಾಳಗಳಿವೆ. ನುಂಗಿದ ಮಾತ್ರೆ ಕರುಳಿನಿಂದ ಮೊದಲು ಲಿವರ್‌ಗೆ ಹೋಗುತ್ತದೆ. ಎಷ್ಟೋ ಔಷಧಿಗಳು ಅಲ್ಲೇ ಒಂದು ಪಾಲು ಶಕ್ತಿ ಕಳೆದುಕೊಳ್ಳುತ್ತವೆ. ಮೂಗಿನಿಂದ ಸೇರಿದ ಔಷಧಿಗೆ ಆ ತಡೆ ಇಲ್ಲ. ನೇರವಾಗಿ ರಕ್ತಕ್ಕೆ ಸೇರಿ ಹೃದಯಕ್ಕೂ ಶ್ವಾಸಕೋಶಕ್ಕೂ ಹೋಗುತ್ತದೆ.

ಟಿಮೊಲಾಲ್ ಇದಕ್ಕೆ ದೊಡ್ಡ ಉದಾಹರಣೆ. ಅಮೆರಿಕದಲ್ಲಿ 1978ರಲ್ಲಿ ಒಪ್ಪಿಗೆ ಸಿಕ್ಕ ಈ ಡ್ರಾಪ್ಸ್ ಇವತ್ತಿಗೂ ನಮ್ಮಲ್ಲಿ ತುಂಬ ಬಳಕೆಯಲ್ಲಿದೆ. ಒಳ್ಳೆಯ ಔಷಧಿ, ಬೆಲೆಯೂ ಕಡಿಮೆ. ಆದರೆ ಇದು ಬಿಪಿಗೆ, ಹೃದಯಕ್ಕೆ ಕೊಡುವ ಅಟೆನೊಲಾಲ್, ಮೆಟೊಪ್ರೊಲಾಲ್ ಮಾತ್ರೆಗಳ ಗುಂಪಿಗೇ ಸೇರಿದ್ದು. ಉಬ್ಬಸ ಇರುವವರಿಗೆ ಹಾಕಿದರೆ ಉಸಿರಿನ ನಾಳಗಳು ಬಿಗಿಯಬಹುದು. ಅಂಥವರಿಗೆ ಇದನ್ನು ಕೊಡಲೇಬಾರದು. ನಾಡಿ ನಿಧಾನವಾಗಬಹುದು, ತಲೆ ಸುತ್ತಬಹುದು, ಸುಸ್ತಾಗಬಹುದು. ಆಗಲೇ ಅಟೆನೊಲಾಲ್ ನುಂಗುತ್ತಿರುವವರಲ್ಲಿ ಎರಡರ ಪರಿಣಾಮವೂ ಸೇರಿಕೊಳ್ಳುತ್ತದೆ. 68 ವರ್ಷದವರ ಸುಸ್ತಿಗೆ ಬೇರೆ ಕಾರಣಗಳೂ ಇರಬಹುದು, ಒಪ್ಪುತ್ತೇನೆ. ಆದರೂ ಬಾಟಲಿಯ ಮೇಲೆ ಟಿಮೊಲಾಲ್ ಅಂತ ಇದ್ದರೆ ನಾಡಿ ನೋಡಿಸಿ. ಎರಡು ಔಷಧಿ ಸೇರಿಸಿದ ಬಾಟಲಿಗಳಲ್ಲೂ ಇದು ಇರುತ್ತದೆ, ಸಣ್ಣ ಅಕ್ಷರಗಳನ್ನು ಓದಿ. ಎದೆ ಬಿಗಿದು ಉಸಿರು ಕಷ್ಟವಾದರೆ ಅಥವಾ ತಲೆಸುತ್ತಿ ಬಿದ್ದರೆ ಮುಂದಿನ ಹನಿ ಹಾಕದೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಮಿಕ್ಕವುಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಬ್ರಿಮೊನಿಡೀನ್‌ನಿಂದ ಬಾಯಿ ಒಣಗುತ್ತದೆ, ತೂಕಡಿಕೆ ಬರುತ್ತದೆ. ಎರಡು ವರ್ಷದೊಳಗಿನ ಮಕ್ಕಳಲ್ಲಿ ಉಸಿರಾಟವೇ ನಿಲ್ಲುವ ಅಪಾಯ ಇರುವುದರಿಂದ ಅವರಿಗೆ ಹಾಕಬಾರದು. ಲ್ಯಾಟನೊಪ್ರೋಸ್ಟ್‌ನಿಂದ ರೆಪ್ಪೆಯ ಕೂದಲು ಉದ್ದ ಬೆಳೆಯುತ್ತದೆ, ಕಣ್ಣಿನ ಸುತ್ತ ಚರ್ಮ ಕಪ್ಪಾಗುತ್ತದೆ. ಮಕ್ಕಳಿಗೆ ಕಣ್ಣಿನ ಪಾಪೆ ಹಿಗ್ಗಿಸುವ ಅಟ್ರೋಪಿನ್ ಹಾಕಿದ ಮೇಲೆ ಮುಖ ಕೆಂಪಾಗಿ ಮೈ ಸುಟ್ಟರೆ ಅದು ಡ್ರಾಪ್ಸ್‌ನಿಂದಲೇ ಇರಬಹುದು, ಕೂಡಲೇ ಡಾಕ್ಟರಿಗೆ ಫೋನ್ ಮಾಡಿ.

ಹಾಗಾದರೆ ಮೂಗಿಗೆ ಇಳಿಯದ ಹಾಗೆ ಹಾಕುವುದು ಹೇಗೆ? ಇದನ್ನು ನಾನು ಪ್ರತಿಯೊಬ್ಬರಿಗೂ ಎದುರಿಗೇ ಕೂರಿಸಿಕೊಂಡು ಕಲಿಸುತ್ತೇನೆ. ಕೈ ನಡುಗುವ ಅಜ್ಜಿಯರೂ ಕಲಿತು, ಮುಂದಿನ ಸಲ ಬಂದಾಗ ಮಾಡಿ ತೋರಿಸುತ್ತಾರೆ. ಅದು ನನಗೆ ಹೆಮ್ಮೆ. ಕೆಳರೆಪ್ಪೆ ಎಳೆದು ಒಂದೇ ಹನಿ ಬಿಡಿ. ಒಂದು ಸಾಕು. ಎರಡನೆಯ ಹನಿ ಸುಮ್ನೆ ಹೊರಗೆ ಹರಿಯುತ್ತದೆ, ಇಲ್ಲವೇ ಮೂಗಿಗೆ ಹೋಗುತ್ತದೆ. ಬಿಟ್ಟ ಮೇಲೆ ಕಣ್ಣು ಮುಚ್ಚಿ. ರೆಪ್ಪೆ ಪಟಪಟ ಬಡಿಯಬೇಡಿ. ಆ ಸಣ್ಣ ತೂತುಗಳಿರುವ ಮೂಲೆಯನ್ನು, ಮೂಗಿನ ಎಲುಬಿಗೆ ತಾಗುವ ಹಾಗೆ, ಬೆರಳಿನಿಂದ ಎರಡು ಮೂರು ನಿಮಿಷ ಒತ್ತಿ ಹಿಡಿಯಿರಿ. ಇಷ್ಟು ಮಾಡಿದರೆ ರಕ್ತಕ್ಕೆ ಸೇರುವ ಔಷಧಿ ಅರ್ಧಕ್ಕಿಂತ ಜಾಸ್ತಿ ಕಡಿಮೆಯಾಗುತ್ತದೆ. ಕಣ್ಣಿಗೂ ಔಷಧಿ ಚೆನ್ನಾಗಿ ಹತ್ತುತ್ತದೆ. ಕಹಿಯೂ ತಗ್ಗುತ್ತದೆ. ಎರಡನೆಯ ಬಗೆಯ ಡ್ರಾಪ್ಸ್ ಹಾಕುವ ಮುನ್ನ ಐದು ನಿಮಿಷ ಬಿಡಿ, ಇಲ್ಲವಾದರೆ ಮೊದಲನೆಯದನ್ನು ಅದು ತೊಳೆದುಬಿಡುತ್ತದೆ.

ನೀವು ಕೇಳದ ಒಂದು ವಿಷಯವನ್ನೂ ಹೇಳಬೇಕು, ಯಾಕೆಂದರೆ ನನಗೆ ನಿಜವಾಗಿ ಭಯ ಇರುವುದು ಅದರ ಬಗ್ಗೆ. ಹೋದ ವರ್ಷ ಯಾರಿಗೋ ಬರೆದುಕೊಟ್ಟ, ಫ್ರಿಜ್ಜಿನ ಬಾಗಿಲಲ್ಲಿ ಉಳಿದಿರುವ ಡ್ರಾಪ್ಸ್ ನಿಮ್ಮನೆಯಲ್ಲೂ ಇದೆ ಅಲ್ವಾ? 2023ರ ಮಳೆಗಾಲದಲ್ಲಿ ಮದ್ರಾಸ್ ಐ ರಾಜ್ಯದಲ್ಲೆಲ್ಲ ಹರಡಿದಾಗ ಇಂಥ ಬಾಟಲಿಗಳು ಮನೆಯಿಂದ ಮನೆಗೆ ಓಡಾಡಿದವು. ಮದ್ರಾಸ್ ಐ ಸಾಮಾನ್ಯವಾಗಿ ವೈರಸ್‌ನಿಂದ ಬರುತ್ತದೆ, ಒಂದೆರಡು ವಾರದಲ್ಲಿ ತಾನಾಗಿ ವಾಸಿಯಾಗುತ್ತದೆ. ಆದರೆ ಹಳೆ ಬಾಟಲಿಯಲ್ಲಿ ಸ್ಟೀರಾಯ್ಡ್, ಅಂದರೆ ಊತ ಮತ್ತು ಕೆಂಪು ಇಳಿಸುವ ಔಷಧಿ, ಇದ್ದರೆ ಕೆಂಪು ಒಂದೇ ದಿನದಲ್ಲಿ ಇಳಿದುಬಿಡಬಹುದು. ಎಲ್ಲರಿಗೂ ಅದೇ ಡ್ರಾಪ್ಸ್ ಮೇಲೆ ನಂಬಿಕೆ ಹುಟ್ಟುವುದು ಹೀಗೆ. ಕರಿಗುಡ್ಡೆಯಲ್ಲಿ ಹರ್ಪಿಸ್ ಅಥವಾ ಫಂಗಸ್ ಹುಣ್ಣು ಇದ್ದರೆ ಅದೇ ಡ್ರಾಪ್ಸ್ ಹುಣ್ಣನ್ನು ಬೆಳೆಸುತ್ತದೆ. ಗದ್ದೆಯಲ್ಲಿ ಭತ್ತದ ಗರಿ ತಾಗಿದ ಕಣ್ಣಿಗೆ ಫಂಗಸ್ ಹತ್ತಿರಬಹುದು, ಅಂಥ ಕಣ್ಣಿಗೆ ಇದನ್ನು ಹಾಕುವುದು ತುಂಬ ಅಪಾಯ.

ಇನ್ನೂ ಹೆಚ್ಚು ಹಾನಿಯಾಗುವುದು ಮಕ್ಕಳಿಗೆ. ಬೇಸಿಗೆ ಬಂದರೆ ಕಣ್ಣು ಉಜ್ಜಿ ಉಜ್ಜಿ ಕೆಂಪು ಮಾಡಿಕೊಳ್ಳುವ ಅಲರ್ಜಿಯ ಮಕ್ಕಳಿರುತ್ತಾರಲ್ಲ, ಅವರು. ಡಾಕ್ಟರು ಎರಡು ವಾರಕ್ಕೆ ಅಂತ ಸ್ಟೀರಾಯ್ಡ್ ಡ್ರಾಪ್ಸ್ ಕೊಟ್ಟಿರುತ್ತಾರೆ. ತುರಿಕೆ ನಿಲ್ಲುತ್ತದೆ. ಆಮೇಲೆ ಅಪ್ಪ ಅಮ್ಮ ಅದೇ ಖಾಲಿ ಬಾಟಲಿಯನ್ನು ಮೆಡಿಕಲ್ ಶಾಪ್‌ನಲ್ಲಿ ತೋರಿಸಿ ತಿಂಗಳುಗಟ್ಟಲೆ ತರುತ್ತಾರೆ. ಚೀಟಿ ಇಲ್ಲದೆ ಕೊಡಬಾರದ ಔಷಧಿ, ಆದರೂ ಸಿಗುತ್ತದೆ. ನಾಲ್ಕಾರು ವಾರ ಬಿಡದೆ ಹಾಕಿದರೆ ಸುಮಾರು ಮೂವರಲ್ಲಿ ಒಬ್ಬರಿಗೆ ಕಣ್ಣಿನ ಒತ್ತಡ ಏರುತ್ತದೆ. ಕೆಲವರಿಗೆ ವಿಪರೀತ ಏರುತ್ತದೆ. ಪೊರೆಯೂ ಬರಬಹುದು. ಪೊರೆಯನ್ನು ಆಪರೇಷನ್ ಮಾಡಿ ತೆಗೆಯಬಹುದು, ಸತ್ತ ನರಕ್ಕೆ ಚಿಕಿತ್ಸೆ ಇಲ್ಲ. ಮಗು "ಕಾಣಿಸ್ತಿಲ್ಲ" ಅನ್ನುವ ಹೊತ್ತಿಗೆ ಬಹಳ ಮಟ್ಟಿಗೆ ದೃಷ್ಟಿ ಹೋಗಿರುತ್ತದೆ.

ಆದ್ದರಿಂದ ಇವತ್ತೇ ಮನೆಯಲ್ಲಿರುವ ಬಾಟಲಿಗಳನ್ನೆಲ್ಲ ತೆಗೆದು ನೋಡಿ. ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸೊಲೋನ್, ಫ್ಲೋರೋಮೆಥೊಲೋನ್, ಲೋಟೆಪ್ರೆಡ್ನಾಲ್, ಇವೆಲ್ಲ ಸ್ಟೀರಾಯ್ಡ್‌ಗಳು. ಆಂಟಿಬಯಾಟಿಕ್ ಜೊತೆ ಸೇರಿಸಿದ ಬಾಟಲಿಗಳಲ್ಲಿ ಹೆಸರಿನ ಕೊನೆಗೆ ಬರೀ "ಡಿ" ಅಂತಲೂ ಇರಬಹುದು. ತೆರೆದು ತಿಂಗಳಾದ ಬಾಟಲಿಯನ್ನು ಎಸೆಯಿರಿ. ಯಾವುದಾದರೂ ಸ್ಟೀರಾಯ್ಡ್ ಡ್ರಾಪ್ಸ್ ಮಗುವಿಗೆ ವಾರಗಟ್ಟಲೆಯಿಂದ ಹಾಕುತ್ತಿದ್ದರೆ ನೀವೇ ಒಮ್ಮೆಲೇ ನಿಲ್ಲಿಸಬೇಡಿ, ಕಾಯಿಲೆ ಕೆರಳಬಹುದು. ಬಾಟಲಿಯನ್ನೂ ಮಗುವನ್ನೂ ಕರೆದುಕೊಂಡು ಕಣ್ಣಿನ ಡಾಕ್ಟರ ಹತ್ತಿರ ಹೋಗಿ, ಎರಡೂ ಕಣ್ಣಿನ ಒತ್ತಡ ಅಳೆಯಲು ಹೇಳಿ.