ಕಪ್ಪು-ಬಿಳುಪು ಫಿಲ್ಮ್ ಬಣ್ಣ ನೋಡುತ್ತದೆ

ಕಪ್ಪು-ಬಿಳುಪು ಫಿಲ್ಮಿಗೆ ಬಣ್ಣದ ಗೊಡವೆ ಇಲ್ಲ ಎಂದು ಬಹಳ ಜನ ನಂಬಿದ್ದಾರೆ. ಬೆಟ್ಟದ ಚಿತ್ರ ತೆಗೆಯಬೇಕು ಎನ್ನುವವರು ಮೊದಲು ಬಿಡಬೇಕಾದ ನಂಬಿಕೆ ಇದು. ನೀಲಿ ಆಕಾಶ, ಅದರೆದುರು ಎದ್ದು ನಿಂತ ಬೂದು ಬಂಡೆ. ಕಣ್ಣು ಎರಡನ್ನೂ ಬಣ್ಣದಿಂದ ಗುರುತಿಸುತ್ತದೆ. ಎರಡೂ ಫಿಲ್ಮಿನ ಮೇಲೆ ಒಂದೇ ಬೂದು ಬಣ್ಣವಾಗಿ ಮೂಡಿದರೆ ಬಂಡೆ ಎಲ್ಲಿ ಮುಗಿಯಿತು ಎಂದೇ ತಿಳಿಯುವುದಿಲ್ಲ.

ಫಿಲ್ಮಿಗೆ ಬಳಿದಿರುವ ಬೆಳ್ಳಿಯ ಲವಣದ ಹರಳುಗಳು ತಮ್ಮಷ್ಟಕ್ಕೆ ಹಿಡಿಯುವುದು ನೀಲಿ, ನೇರಳೆ, ಅತಿನೇರಳೆ ಬೆಳಕನ್ನು ಮಾತ್ರ. ಹಾಗಾಗಿ 19ನೇ ಶತಮಾನದ ಎಷ್ಟೋ ಬೆಟ್ಟದ ಚಿತ್ರಗಳಲ್ಲಿ ಆಕಾಶ ಬರೀ ಬಿಳಿ. ಮೋಡ ಇದ್ದರೂ ಸುತ್ತಲಿನ ನೀಲಿ ಅದರಷ್ಟೇ ಬೆಳ್ಳಗೆ ಬಂದು ಅದನ್ನು ನುಂಗಿಬಿಡುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1850ರ ದಶಕದಲ್ಲಿ ಕಡಲಿಗೊಂದು, ಆಕಾಶಕ್ಕೊಂದು ನೆಗೆಟಿವ್ ತೆಗೆದು ಎರಡನ್ನೂ ಸೇರಿಸಿ ಮುದ್ರಿಸಿದರು. ಎಂಥಾ ಹಠ ಅಲ್ವಾ! 1873ರಲ್ಲಿ ಜರ್ಮನಿಯ ಹೆರ್ಮಾನ್ ಫೋಗೆಲ್ ಬೇರೆ ದಾರಿ ಕಂಡರು. ಹರಳಿಗೆ ತಕ್ಕ ಬಣ್ಣದ್ರವ್ಯ ಬೆರೆಸಿದರೆ, ಆ ದ್ರವ್ಯ ಹೀರುವ ಬೆಳಕೂ ಫಿಲ್ಮಿನಲ್ಲಿ ದಾಖಲಾಗುತ್ತದೆ. ಮೊದಲು ಹಸಿರು ದಕ್ಕಿತು, ಆಮೇಲೆ ಕೆಂಪು. ಎಲ್ಲ ಬಣ್ಣಕ್ಕೂ ಓಗೊಡುವ ಇಂಥ ಫಿಲ್ಮೇ ಪ್ಯಾನ್‌ಕ್ರೊಮ್ಯಾಟಿಕ್.

ಲೆನ್ಸಿನ ಮುಂದೆ ಹಾಕುವ ಕೆಂಪು ಗಾಜಿಗೆ, ಅಂದರೆ ಕೆಂಪು ಫಿಲ್ಟರಿಗೆ, ಬೆಲೆ ಬಂದದ್ದು ಆಮೇಲೆಯೇ. ಗಾಳಿಯ ಅಣುಗಳು ಗಿಡ್ಡ ಅಲೆಯ ಬೆಳಕನ್ನು ಜಾಸ್ತಿ ಚದುರಿಸುತ್ತವೆ. ಎಷ್ಟು ಜಾಸ್ತಿ? ಅಲೆ ಅರ್ಧ ಉದ್ದಕ್ಕೆ ಇಳಿದರೆ ಚದುರುವಿಕೆ 16 ಪಟ್ಟು. 450 ನ್ಯಾನೋಮೀಟರ್ ಅಲೆಯ ನೀಲಿ, 650ರ ಕೆಂಪಿಗಿಂತ 4 ಪಟ್ಟಿಗೂ ಮಿಕ್ಕಿ ಚದುರುತ್ತದೆ. ಆಕಾಶ ನೀಲಿ ಆಗಿರುವುದು ಇದರಿಂದ. ದೂರದ ಬೆಟ್ಟ ನೀಲಿಯಾಗಿ ಮಸುಕಾಗುವುದೂ ಇದರಿಂದಲೇ. ನಮಗೂ ಆ ಬೆಟ್ಟಕ್ಕೂ ನಡುವಿನ ಗಾಳಿ ಬಿಸಿಲಿನಲ್ಲಿ ತಾನೇ ಹೊಳೆಯುತ್ತಾ ತೆಳು ಪರದೆಯಂತೆ ತೂಗುತ್ತಿರುತ್ತದೆ. ದೂರ ಹೆಚ್ಚಿದಷ್ಟೂ ಪರದೆ ದಪ್ಪ. ಕೆಂಪು ಗಾಜು ಆ ನೀಲಿ ಹೊಳಪನ್ನು ಲೆನ್ಸಿನ ಬಾಗಿಲಲ್ಲೇ ತಡೆಯುತ್ತದೆ. ಆಕಾಶ ಕಪ್ಪಾಗುತ್ತದೆ, ಮಸುಕಿನ ಹಿಂದಿದ್ದ ಕಣಿವೆ, ಬಿರುಕು, ಏಣು ಎಲ್ಲ ಹೊರಬರುತ್ತವೆ.

ಆದರೆ ಕೆಂಪು ಫಿಲ್ಟರ್ ಮಂಜನ್ನೂ ಸೀಳುತ್ತದೆ ಎಂದು ಹೇಳುತ್ತಾ ತಿರುಗುವವರಿದ್ದಾರೆ. ದಯವಿಟ್ಟು ನಂಬಬೇಡಿ. ಮಂಜಿನ ಹನಿ ಬೆಳಕಿನ ಅಲೆಗಿಂತ ಎಷ್ಟೋ ಪಟ್ಟು ದೊಡ್ಡದು. ಅದು ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಸಮನಾಗಿ ಚದುರಿಸುತ್ತದೆ. ಅದಕ್ಕೇ ಮಂಜು ಬೆಳ್ಳಗಿದೆ. ಅಲ್ಲಿ ಯಾವ ಗಾಜೂ ಕೆಲಸಕ್ಕೆ ಬಾರದು.

1927ರ ಏಪ್ರಿಲ್ 10ರಂದು ಅಮೆರಿಕದ ಯೊಸೆಮಿಟಿಯಲ್ಲಿ ಆನ್ಸೆಲ್ ಆಡಮ್ಸ್ ಹಾಫ್ ಡೋಮ್ ಬಂಡೆಯನ್ನು ಮೊದಲು ಹಳದಿ ಫಿಲ್ಟರಿನಲ್ಲಿ ತೆಗೆದರು. ತಾವು ಮನಸ್ಸಿನಲ್ಲಿ ಕಂಡ ಗಂಭೀರ ಆಕಾಶ ಅದರಲ್ಲಿ ಬರುವುದಿಲ್ಲ ಅನ್ನಿಸಿತು. ಗಾಢ ಕೆಂಪು ಹಾಕಿ ಮತ್ತೊಂದು ತೆಗೆದರು. ಬಹುತೇಕ ಕಪ್ಪು ಆಕಾಶಕ್ಕೆ ಆತು ನಿಂತ ಆ ಬಂಡೆಯ ಚಿತ್ರ ಇವತ್ತಿಗೂ ಮೈ ಜುಮ್ಮೆನ್ನಿಸುತ್ತದೆ.

ಹಾಗೆಂದು ಸುಮ್ನೆ ಎಲ್ಲದಕ್ಕೂ ಕೆಂಪು ಹಾಕಬಾರದು. ನೆರಳಿಗೆ ಬೆಳಕು ಕೊಡುವುದು ನೀಲಿ ಆಕಾಶ. ಅದನ್ನು ತಡೆದರೆ ನೆರಳಿನ ವಿವರವೂ ಹೋಗುತ್ತದೆ. ಎಲೆಯ ಹಸಿರೂ ಕಪ್ಪಾಗುತ್ತದೆ. ಕಾಡು ಹೊದ್ದ ಬೆಟ್ಟಕ್ಕೆ ಹಳದಿಯೇ ಚೆನ್ನ. ಎತ್ತರಕ್ಕೆ ಹೋದಷ್ಟೂ ಮೇಲಿನ ಗಾಳಿ ಕಡಿಮೆ, ಆಕಾಶ ತಾನೇ ಗಾಢ. ಅಲ್ಲೂ ನನ್ನ ಆಯ್ಕೆ ಹಳದಿಯೇ. ಬೋಳು ಬಂಡೆಗೆ ಮಾತ್ರ ಕೆಂಪು.

ಸಾಮಾನ್ಯ ಕೆಂಪು ಫಿಲ್ಟರ್ 3 ಸ್ಟಾಪ್ ಬೆಳಕು ತಿನ್ನುತ್ತದೆ; ಒಂದೊಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕೆ ಇಳಿದಂತೆ. 1/125 ಸೆಕೆಂಡ್ ಸಾಕಿದ್ದಲ್ಲಿ 1/15 ಬೇಕು, ಅಂದರೆ ಟ್ರೈಪಾಡ್ ಬೇಕೇ ಬೇಕು. ಕ್ಯಾಮೆರಾದೊಳಗಿನ ಬೆಳಕು ಅಳೆಯುವ ಮೀಟರ್ ಕೆಂಪು ಬೆಳಕನ್ನು ಫಿಲ್ಮಿನಂತೆಯೇ ಅಳೆಯುವುದಿಲ್ಲ. ಫಿಲ್ಟರ್ ಇಲ್ಲದೆ ಅಳೆದು, ಆಮೇಲೆ 3 ಸ್ಟಾಪ್ ಸೇರಿಸಿ. ಚೌಕಟ್ಟಿನ ತುಂಬ ಹಿಮ ಇದ್ದರೆ ಇನ್ನೂ ಒಂದೂವರೆ, 2 ಸ್ಟಾಪ್ ಕೊಡಿ. ಮೀಟರ್ ಎಲ್ಲವನ್ನೂ ನಡು ಬೂದು ಬಣ್ಣಕ್ಕೆ ಎಳೆಯುತ್ತದೆ, ಹಿಮವನ್ನೂ ಬಿಡುವುದಿಲ್ಲ.