ಸೋಪಿಗೆ ಒಂದೇ ಬಾಲ

2020ರ ಲಾಕ್‌ಡೌನ್‌ನಲ್ಲಿ ನಮ್ಮ ಮನೆಯಲ್ಲೂ ಸ್ಯಾನಿಟೈಸರ್ ತಯಾರಾಯಿತು. ಬೇವು, ತುಳಸಿ ಕುದಿಸಿದ ನೀರಿಗೆ ನಿಂಬೆರಸ, ಚಿಟಿಕೆ ಕರ್ಪೂರ. ವಾಟ್ಸ್ಯಾಪ್ ಪಾಕ. ಹತ್ತು ದಿನ ಕಳೆಯುವಷ್ಟರಲ್ಲಿ ಬಾಟಲಿಯ ಕತ್ತಿನಲ್ಲಿ ಹತ್ತಿಯಂಥ ಬೂಷ್ಟು! ಕ್ರಿಮಿ ಕೊಲ್ಲಬೇಕಾದ ನೀರಲ್ಲೇ ಕ್ರಿಮಿಗಳು ಸಂಸಾರ ಹೂಡಿದ್ದವು. ಚೆಲ್ಲಲು ಅತ್ತೆಗೆ ಮನಸ್ಸಿಲ್ಲ. ಕೊನೆಗೆ ದಾಸವಾಳದ ಗಿಡಕ್ಕೆ ಹೋಯಿತು.

ಸ್ವಲ್ಪ ಓದಿಕೊಂಡವರ ಪಾಕ ಬೇರೆ. ಎರಡು ಪಾಲು ಸ್ಪಿರಿಟ್, ಒಂದು ಪಾಲು ಲೋಳೆಸರದ ಲೋಳೆ. ಲೆಕ್ಕ ಹಾಕಿ ನೋಡಿ. ಸ್ಪಿರಿಟ್‌ನಲ್ಲಿ ಆಲ್ಕೋಹಾಲ್ 70% ಇದ್ದರೆ, ಬೆರೆಸಿದ ಮೇಲೆ ಉಳಿಯುವುದು 47%ಗೂ ಕಮ್ಮಿ. ಬೇಕಾದದ್ದು ಕನಿಷ್ಠ 60%. ವಿಸ್ಕಿ ಸುರಿದರೆ? ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು 42.8%, ಬೆರೆಸುವ ಮೊದಲೇ ಫೇಲು. ವಿಶ್ವ ಆರೋಗ್ಯ ಸಂಸ್ಥೆಯ ಒಂದು ಸೂತ್ರದಲ್ಲಿ 80% ಎಥನಾಲ್, 1.45% ಗ್ಲಿಸರಿನ್, 0.125% ಹೈಡ್ರೋಜನ್ ಪೆರಾಕ್ಸೈಡ್ ಇದೆ. ಈ ಕೊನೆಯದು ಕೈಗಲ್ಲ, ಬಾಟಲಿಯೊಳಗೇ ಸೇರಿಕೊಂಡ ಬ್ಯಾಕ್ಟೀರಿಯಾ ಬೀಜಕಗಳಿಗೆ, ಅಂದರೆ ಗಟ್ಟಿ ಚಿಪ್ಪು ಹೊದ್ದು ಮಲಗಿದ ಬ್ಯಾಕ್ಟೀರಿಯಾಗಳಿಗೆ! ಅಡುಗೆಮನೆಯ ಚಮಚದಲ್ಲಿ ಅಳೆಯುವ ಬಾಬತ್ತು ಇದಲ್ಲ. ಪಕ್ಕದಲ್ಲಿ ಒಲೆ ಬೇರೆ ಉರೀತಿರುತ್ತೆ.

ಇಷ್ಟೆಲ್ಲ ಒದ್ದಾಟ ಯಾಕೆ, ಬಚ್ಚಲಲ್ಲಿ ಸೋಪು ಇರುವಾಗ? 'ಸೋಪು ಸುಮ್ನೆ ಕೊಳೆ ತೆಗೆಯುತ್ತೆ ಅಷ್ಟೆ' ಅನ್ನುವವರು ಜಾಸ್ತಿ. ನನಗೆ ಸಿಟ್ಟು ಬರೋದು ಇಲ್ಲೇ.

ಕೊರೊನಾ ವೈರಸ್ಸಿನ ಮೇಲೆ ಒಂದು ಜಿಡ್ಡಿನ ಹೊದಿಕೆ ಇರುತ್ತದೆ. ಸ್ವಂತದ್ದಲ್ಲ, ನಮ್ಮ ಜೀವಕೋಶದಿಂದಲೇ ಎಗರಿಸಿಕೊಂಡು ಬಂದದ್ದು. ಅದರ ಒಂದೊಂದು ಅಣುವಿಗೂ ನೀರು ಇಷ್ಟಪಡುವ ಒಂದು ತಲೆ, ನೀರು ಕಂಡರಾಗದ ಎರಡು ಬಾಲ. ಬಾಲಗಳೆಲ್ಲ ನೀರಿಗೆ ಹೆದರಿ ಒಳಗೆ ಒತ್ತೊತ್ತಾಗಿ ಕೂತಿವೆ. ಮೊಳೆ ಇಲ್ಲ, ಅಂಟು ಇಲ್ಲ. ಆ ಹೆದರಿಕೆಯೇ ಗಾರೆ.

ಸೋಪಿನ ಅಣುವೂ ಅದೇ ಜಾತಿ. ಆದರೆ ಅದಕ್ಕೆ ಬಾಲ ಒಂದೇ. ನೆಂಟನ ವೇಷದಲ್ಲಿ ಬಂದು, ತುಂಬಿದ ಬಸ್ಸಲ್ಲಿ 'ಸ್ವಲ್ಪ ಜರುಗಿ' ಅಂತ ಸೀಟಿನ ತುದಿಯಲ್ಲಿ ಕೂರುವವರ ಹಾಗೆ ಹೊದಿಕೆಯೊಳಗೆ ಬಾಲ ತೂರಿಸುತ್ತದೆ. ಆಮೇಲಿನದ್ದು ಆಕಾರದ ಆಟ. ಎರಡು ಬಾಲದ ಅಣು ಇಟ್ಟಿಗೆ ಇದ್ದ ಹಾಗೆ, ಪಕ್ಕ ಪಕ್ಕ ಜೋಡಿಸಿದರೆ ನೇರ ಗೋಡೆ. ಒಂದೇ ಬಾಲದ್ದು ದುಂಡು ಬಾವಿಗೆ ಕಟ್ಟುವ ಕಲ್ಲು, ಹೊರಗೆ ಅಗಲ, ಒಳಗೆ ಸಣ್ಣ. ನೇರ ಗೋಡೆಯಲ್ಲಿ ಅಲ್ಲಲ್ಲಿ ಬಾವಿಕಲ್ಲು ತುರುಕಿದರೆ ಏನಾಗುತ್ತೆ? ಗೋಡೆ ಬಾಗುತ್ತೆ, ಬಿರುಕು ಬಿಡುತ್ತೆ, ಬೀಳುತ್ತೆ. ಬಿದ್ದ ಚೂರುಗಳನ್ನು ಸೋಪು ಸುತ್ತುಗಟ್ಟಿ ಉಂಡೆ ಮಾಡುತ್ತದೆ. ಬಾಲ ಒಳಗೆ, ತಲೆ ಹೊರಗೆ. ತಲೆಗೆ ನೀರೆಂದರೆ ಪ್ರೀತಿ ಅಲ್ವಾ, ಉಂಡೆ ನಲ್ಲಿ ನೀರಿನ ಜೊತೆ ಹೊರಟೇ ಹೋಗುತ್ತದೆ. ಇಷ್ಟಕ್ಕೆಲ್ಲ ಸಮಯ ಬೇಕು. 20 ಸೆಕೆಂಡ್ ಉಜ್ಜಿ ಅನ್ನೋದು ಅದಕ್ಕೇ.

ರೇಷ್ಮೆ ಸೀರೆ, ಒಡವೆ ತೊಳೆಯುವ ಅಂಟುವಾಳಕಾಯಿ ನೊರೆಯಲ್ಲೂ ಇಂಥದ್ದೇ ತಲೆ–ಬಾಲದ ಅಣುಗಳಿವೆ. ಇನ್ನು ಪರಿಮಳದ ವಿಷಯ. ಮೊದಲ ಮಹಾಯುದ್ಧದ ಕಾಲದಲ್ಲಿ ಯೂರೋಪಿಗೆ ಗಂಧದ ಮರ ಕಳಿಸುವುದು ಕಷ್ಟವಾದಾಗ ಮೈಸೂರು ಸಂಸ್ಥಾನ ತಾನೇ ಗಂಧದೆಣ್ಣೆ ತೆಗೆಯತೊಡಗಿತು, ಅದರಿಂದ ನಮ್ಮ ಪ್ರಸಿದ್ಧ ಸೋಪು ಬಂತು. ನನಗೂ ಆ ಪರಿಮಳ ಇಷ್ಟ. ಆದರೆ ವೈರಸ್ ಬಿಚ್ಚುವುದು ಗಂಧವಲ್ಲ, ಬಾಲ. ಹತ್ತು ರೂಪಾಯಿ ಸೋಪಿಗೂ ಅದು ಇದೆ.

ಹಾಗಂತ ಅಂಗಡಿಯ ಸ್ಯಾನಿಟೈಸರ್ ದಂಡ ಅಂತಲ್ಲ. ಬಸ್ಸಲ್ಲಿ, ಆಸ್ಪತ್ರೆ ಬಾಗಿಲಲ್ಲಿ ನಲ್ಲಿ ಎಲ್ಲಿ ಹುಡುಕ್ತೀರಿ? ಆದರೆ ಬಜ್ಜಿ ತಿಂದ ಜಿಡ್ಡು ಕೈಗೆ, ಗದ್ದೆಯ ಕೆಸರಿಗೆ ಅದು ಸರಿಯಾಗಿ ಹತ್ತುವುದಿಲ್ಲ. ವಾಂತಿ–ಭೇದಿ ತರುವ ನೊರೊವೈರಸ್ಸಿಗೆ ಜಿಡ್ಡಿನ ಹೊದಿಕೆಯೇ ಇಲ್ಲ, ಆಲ್ಕೋಹಾಲಿಗೆ ಅಷ್ಟಾಗಿ ಬಗ್ಗುವುದೂ ಇಲ್ಲ. ಅದನ್ನು ಸೋಪು ನೀರಲ್ಲಿ ಉಜ್ಜಿ, ಮೋರಿಗೆ ಸಾಗಹಾಕಬೇಕು. ಹೆಬ್ಬೆರಳೂ ಸೇರಿ. ತುಂಬ ಜನ ಅದನ್ನೇ ಮರೆಯುತ್ತಾರೆ.